ಡೆಲ್‌ಗಾಗಿ ಕಟ್ಟಿಸಿದ ಡೆಕ್ಕು

ಗಂಡ ಗಾಜಿನ ಬಾಗಿಲ ಹಿಂದೆ ಕೂತು ಕೂತು ಸೊರಗುವುದನ್ನು ನೋಡಿಕೊಂಡು ಸುಮ್ಮನಿರುವ ಹೆಂಗಸು ನಾನಲ್ಲ. ಮರಳುಗಾಡಿನ ಈ ಏಹೋ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ನೋರೀನ್ ಪ್ರೂಯಿಟ್ ಹಿಡಿದ ಹಟ ಬಿಟ್ಟದ್ದು ಕಂಡಿದ್ದೀರಾ ಅಂತ. ಹೈಸ್ಕೂಲಿನ ಕ್ಯಾಂಟೀನ್ ನಡೆಸಿದವಳು ನಾನು. ಊರಿನ ಅರ್ಧ ಜನ ನನ್ನ ಕೈಯ ಬೀನ್ಸ್ ತಿಂದು, ನನ್ನ ಬಾಯಿಯ ಬೈಗುಳವನ್ನೂ ತಿಂದು ದೊಡ್ಡವರಾದವರು.

ನನ್ನ ಗಂಡ ಡೆಲ್ ಒಂದು ಕಾಲಕ್ಕೆ ತಾಮ್ರದ ಗಣಿಯಲ್ಲಿ ದೊಡ್ಡ ಲಾರಿ ಓಡಿಸುತ್ತಿದ್ದ. ಗಣಿ ಮುಚ್ಚಿದ ಮೇಲೂ ಹಗಲುಹೊತ್ತಿನಲ್ಲಿ ಮನೆಯೊಳಗೆ ಕೂತ ಮನುಷ್ಯನಲ್ಲ. ಹಿತ್ತಲಲ್ಲಿ ಏನಾದರೊಂದು ಕೆರೆಯುತ್ತ, ಕಟ್ಟುತ್ತ, ಬಿಚ್ಚುತ್ತ ಇರಬೇಕು. ಕಳೆದ ಸೆಪ್ಟೆಂಬರಿನಲ್ಲಿ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಒಂದು ಶಬ್ದ, "ಥತ್!" ಹಸಿವಾದರೆ ಥತ್, ಹೊಟ್ಟೆ ತುಂಬಿದರೂ ಥತ್, ನನ್ನನ್ನು ಕಂಡರೆ ಥತ್, ಕಾಣದಿದ್ದರೂ ಥತ್. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದರಲ್ಲೇ ಅರ್ಥ ಹುಡುಕುವ ಕರ್ಮ ಬಂತು.

ನಮ್ಮ ಹಿತ್ತಲ ಬಾಗಿಲಿನಿಂದ ಕೆಳಕ್ಕೆ ಹಳೆಯ ಕಾಂಕ್ರೀಟ್ ಮೆಟ್ಟಿಲು. ಗಾಲಿಕುರ್ಚಿ ಅಲ್ಲಿಗೇ ನಿಂತುಬಿಡುತ್ತದೆ. ಇಳಿಜಾರು ಹಾಕಿಸು ಅಂದವರಿದ್ದರು. ಇಳಿದು ಹೋಗುವುದೆಲ್ಲಿಗೆ? ಹಿತ್ತಲು ಪೂರ್ತಿ ಜಲ್ಲಿ. ಚಕ್ರ ಹೂತುಕೊಂಡರೆ ಅವನನ್ನು ಎತ್ತುವವರು ಯಾರು? ಡೆಲ್ ಬೆಳಗಿನಿಂದ ಸಂಜೆಯವರೆಗೆ ಗಾಜಿಗೆ ಹಣೆ ಹಚ್ಚಿ ಹೊರಗೆ ನೋಡುತ್ತಿದ್ದ. ಕ್ರಿಸ್ಮಸ್ ಹೊತ್ತಿಗೆ ಊಟ ಕಮ್ಮಿಯಾಯಿತು. ಚಮಚ ಬಾಯಿಯ ಹತ್ತಿರ ತಂದರೆ ಮುಖ ಆಚೆ ತಿರುಗಿಸುತ್ತಿದ್ದ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಬದುಕ್ಬೇಕು ಅನ್ನೋ ಆಸೆ ಅವರಿಗೇ ಇರ್ಬೇಕಮ್ಮ, ಅದಕ್ಕೆ ಔಷಧಿ ಇಲ್ಲ" ಅಂದರು. ಇಲ್ಲದಿದ್ದರೆ ಏನಂತೆ, ನಾನಿದ್ದೀನಲ್ಲ ಅಂದುಕೊಂಡೆ. ಬಾಗಿಲಿನ ಮಟ್ಟಕ್ಕೆ ಸರಿಯಾಗಿ ಮರದ ಡೆಕ್ಕು, ಅಂದರೆ ಕಂಬದ ಮೇಲೆ ಹಲಗೆಯ ಜಗಲಿ, ಕಟ್ಟಿಸುವುದು, ಬೇಸಿಗೆ ಕಾಲಿಡುವ ಮೊದಲು ಇವನನ್ನು ಆಕಾಶದ ಕೆಳಗೆ ಕೂರಿಸುವುದು. ಅಷ್ಟೇ.

ಹಿತ್ತಲಲ್ಲಿ ಅವನಿಗಿದ್ದ ಇನ್ನೊಂದು ಸೆಳೆತ ಫೋರ್‌ಮನ್. ಫೋರ್‌ಮನ್ ಅಂದರೆ ನಮ್ಮ ಆಮೆ. ಈ ಮರಳುಗಾಡಿನದೇ ಜಾತಿ, ಮದುವೆಯಾದ ಹೊಸದರಲ್ಲಿ ಬಂದದ್ದು. ಅರ್ಧ ವರ್ಷ ನಿದ್ದೆ ಮಾಡುತ್ತದೆ, ಉಳಿದರ್ಧ ತಿನ್ನುವಾಗ ಮಾತ್ರ ಮುಖ ತೋರಿಸುತ್ತದೆ, ಕೆಲಸ ಕಂಡರೆ ಕತ್ತು ಒಳಗೆಳೆದುಕೊಳ್ಳುತ್ತದೆ. ಥೇಟ್ ಗಣಿಯಲ್ಲಿ ನನ್ನ ಮೇಲಿದ್ದ ಫೋರ್‌ಮನ್ನೇ ಅಂತ ಡೆಲ್ ಆ ಹೆಸರಿಟ್ಟಿದ್ದ. ಅದಕ್ಕಾಗಿ ಉತ್ತರದ ಗೋಡೆಗೆ ತಾಗಿ ಸಿಮೆಂಟ್ ಇಟ್ಟಿಗೆಯ ಗೂಡು ಕಟ್ಟಿ, ಮೇಲೆ ಮಣ್ಣು ಹೇರಿದ್ದ. ಅಕ್ಟೋಬರಿನಲ್ಲಿ ಅದು ಒಳಗೆ ಹೋದ ಮೇಲೆ ಗೂಡಿನ ಬಾಯಿಗೆ ಒಂದು ಹಲಗೆ ಅಡ್ಡ ಇಡುವುದು, ಬಿಸಿಲು ಬಲಿತ ಮೇಲೆ ತೆಗೆಯುವುದು. ಆ ಸಲ ಅಕ್ಟೋಬರಿನಲ್ಲಿ ನಾವಿಬ್ಬರೂ ಟೂಸಾನ್ ಆಸ್ಪತ್ರೆಯಲ್ಲಿದ್ದೆವು. ಮನೆಗೆ ಬಂದ ಮೇಲೆ ನಾನೇ ಹೋಗಿ ಹಲಗೆ ಇಟ್ಟು ಬಂದೆ.

ಮೊದಲು ಬಂದವನು ಫೀನಿಕ್ಸ್‌ನ ಒಂದು ಕಂಪನಿಯ ಹುಡುಗ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಡುಕಂದು ಬಣ್ಣದ ಪ್ಲಾಸ್ಟಿಕ್ ಬೆರಕೆಯ ಹಲಗೆಯ ತುಂಡು.

"ಇದು ಕೊಳೆಯಲ್ಲ, ಗೆದ್ದಲು ಹಿಡಿಯಲ್ಲ, ಬಣ್ಣಾನೇ ಬೇಡ ಮೇಡಂ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರತ್ತೆ."

"ನಂಗೆ ಮೊಮ್ಮಕ್ಕಳಿಲ್ಲ. ನಿಂತೇ ಇದ್ದೀಯಲ್ಲ, ಬಾ, ತಣ್ಣಗೆ ಟೀ ಕುಡಿ" ಅಂದು ಆ ತುಂಡನ್ನು ಇಸಿದುಕೊಂಡು ಹೊರಗೆ ಬಿಸಿಲಿಗೆ ಇಟ್ಟೆ. ಜನವರಿಯ ಬಿಸಿಲು, ಅಂಥದ್ದೇನಲ್ಲ. ಅವನು ಟೀ ಮುಗಿಸುವ ಹೊತ್ತಿಗೆ ಕರೆದೆ. "ಬೂಟು, ಕಾಲುಚೀಲ ತೆಗೆದು ಅದರ ಮೇಲೆ ನಿಂತ್ಕೋ ಮರಿ."

ನಿಂತ. ತಕ್ಷಣ ಕಾಲೆತ್ತಿಕೊಂಡ.

"ಇದು ಜನವರಿ. ಜೂನಲ್ಲಿ ಇದರ ಮೇಲೆ ಮೊಟ್ಟೆ ಒಡೆದು ಹಾಕ್ಲಾ, ನನ್ನ ಗಂಡನ್ನ ಕೂರಿಸ್ಲಾ?"

ಹುಡುಗ ಪಾಪ, ಕಾಲುಚೀಲ ಕೈಯಲ್ಲೇ ಹಿಡಿದುಕೊಂಡು ಕಾರಿಗೆ ಹೋದ. ಇನ್ನು ಉಳಿದದ್ದು ಊರಿನವನೇ ಆದ ಬಡಗಿ ಬೆತೊ ಸೆಲಾಯಾ.

ಬೆತೊನ ಕೆಲಸ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಈ ಊರಿನಲ್ಲಿ ಅರ್ಧಕ್ಕರ್ಧ ಚಪ್ಪರ, ಬೇಲಿ, ಡೆಕ್ಕು ಎಲ್ಲ ಅವನದೇ. ಆದರೆ ಹಿಡಿದ ಕೆಲಸವನ್ನು ಒಂದೇ ಏಟಿಗೆ ಮುಗಿಸಿದ ಎಂದು ಹೇಳುವವರು ಯಾರೂ ಇಲ್ಲ. ಸಮುದ್ರದಲ್ಲಿ ಮೀನು ಬಿದ್ದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಸುತ್ತಿಗೆ ಅಲ್ಲೇ ಬಿಟ್ಟು ದೋಣಿ ಎಳೆದುಕೊಂಡು ದೇಶದ ಗಡಿಯಾಚೆಗೆ ಓಡುತ್ತಾನೆ.

ಅವನು ಬಂದು ಹಿತ್ತಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ. "ಮಿಸ್ ನೋರೀನ್, ಮೊದಲು ಚಪ್ಪರ. ಆಮೇಲೆ ನೆಲ."

"ನಂಗೆ ಬೇಕಾಗಿರೋದು ನೆಲ ಕಣೋ."

"ನೆರಳಿಲ್ದೆ ಇರೋ ಡೆಕ್ಕು ರೊಟ್ಟಿ ಹೆಂಚು. ಡೆಲ್ ಅವರನ್ನ ರೊಟ್ಟಿ ಮಾಡ್ತೀರಾ? ಮತ್ತೆ, ಮರ ಬಂದ ತಕ್ಷಣ ಹೊಡೀರಿ ಅನ್ಬೇಡಿ. ಅದು ಮಳೆ ಊರಿಂದ ಬರೋ ಮರ. ಇಲ್ಲಿನ ಗಾಳಿ ಕುಡೀಬೇಕು. ನಡುವೆ ಪಟ್ಟಿ ಕೊಟ್ಟು ಜೋಡಿಸಿ ಇಡ್ತೀನಿ, ಕುಗ್ಗೋದೆಲ್ಲ ಕುಗ್ಗಲಿ. ಈಗ್ಲೇ ಹೊಡೆದ್ರೆ ಬೇಸಿಗೇಲಿ ನಿಮ್ಮ ಹಲಗೆ ಸಂದಿಗಳಲ್ಲಿ ಕೋಳಿ ಬೀಳತ್ತೆ."

"ಎಷ್ಟು ದಿನ?"

"ಮರಾನ ಕೇಳಿ."

"ನಿನ್ನನ್ನ ಕೇಳ್ತಿದ್ದೀನಿ! ಪ್ಲೇಟಲ್ಲಿ ಕ್ಯಾರೆಟ್ ಬಿಟ್ಟು ಜೇಬಿಗೆ ತುರುಕ್ಕೋತಿದ್ದವನು ನೀನು. ನನ್ನ ಹತ್ರ ಆಟ ಆಡ್ಬೇಡ."

"ಅಯ್ಯೋ, ಇನ್ನೂ ಆ ಕ್ಯಾರೆಟ್ ಬಿಟ್ಟಿಲ್ವಾ ನೀವು?" ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಾರ್ಚಲ್ಲಿ ಮುಗಿಸ್ತೀನಿ. ಅಮ್ಮನಾಣೆ."

ಅಮ್ಮನಾಣೆಯೂ ಆಯಿತು, ಚಪ್ಪರವೂ ಎದ್ದಿತು, ಮರವೂ ಬಂದು ಹಿತ್ತಲಲ್ಲಿ ಗಾಳಿ ಕುಡಿಯುತ್ತ ಮಲಗಿತು. ಕಂಬ ನೆಟ್ಟು ತೊಲೆ ಕೂರಿಸಿದ ಮೇಲೆ ಒಂದು ಬೆಳಿಗ್ಗೆ ಆಸಾಮಿ ನಾಪತ್ತೆ. ಫೋನು ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಪಿಕಪ್ ತೆಗೆದುಕೊಂಡು ಅವನ ಮನೆಗೆ ಹೋದರೆ, ದೋಣಿ ಆಗಲೇ ಗಾಡಿಗೆ ಕಟ್ಟಿ ಮಂಜುಗಡ್ಡೆಯ ಡಬ್ಬ ತುಂಬುತ್ತಿದ್ದಾನೆ. ಅವನ ಗೇಟಿಗೆ ಅಡ್ಡ ನನ್ನ ಪಿಕಪ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಅವನ ಜಗಲಿಯ ಮೇಲೆ ಹೋಗಿ ಕೂತೆ. ಅವನ ಹೆಂಡತಿ ಬಂದು ನನಗೆ ಕಾಫಿ ಕೊಟ್ಟಳು, ಅವನಿಗೆ ಕೊಡಲಿಲ್ಲ.

"ಎರಡೇ ದಿನ ಮಿಸ್ ನೋರೀನ್! ಮೀನು ಕಾಯಲ್ಲ."

"ಡೆಲ್ ಕಾಯ್ತಾನಾ? ನಿನ್ನೆ ಅವನು ತಿಂದಿದ್ದು ಅರ್ಧ ಬಾಳೆಹಣ್ಣು. ಹೋಗು, ದೋಣೀನ ನನ್ನ ಗಾಡಿ ಮೇಲೆ ಹಾರಿಸ್ಕೊಂಡು ಹೋಗು."

ಬೆತೊ ನನ್ನ ಮುಖ ನೋಡಿದ. ದೋಣಿ ಬಿಚ್ಚಿದ. ಅಂದಿನಿಂದ ಸೂರ್ಯ ಹುಟ್ಟುವ ಮೊದಲೇ ನಮ್ಮ ಹಿತ್ತಲಲ್ಲಿ ಡ್ರಿಲ್ ಸದ್ದು ಶುರು. ಹಲಗೆ ಕೂರಿಸುವ ಮುನ್ನ ಬುಡವನ್ನೆಲ್ಲ ಚೊಕ್ಕಟ ಮಾಡಿದ. ಹಳೆಯ ಮೆಟ್ಟಿಲ ಕೆಳಗೆ ಕಾಡು ಇಲಿಯೊಂದು ಮುಳ್ಳು ಕಡ್ಡಿ ತಂದು ಒಟ್ಟಿದ್ದ ರಾಶಿಯನ್ನು ಎಳೆದು ಬಿಸಾಡಿ, ಇದ್ದಬದ್ದ ಬಿಲಕ್ಕೆಲ್ಲ ಕಲ್ಲು ಮಣ್ಣು ತುಂಬಿ ಗುದ್ದಿದ. ಸುತ್ತಲೂ ಡೆಕ್ಕಿನ ಅಂಚಿನಿಂದ ಮಣ್ಣೊಳಗಿನವರೆಗೆ ತಂತಿಜಾಲರಿ ಇಳಿಸಿ ಮುಚ್ಚಿದ. ನಮ್ಮಲ್ಲಿ ಎಲ್ಲರೂ ಇದನ್ನು ಮಾಡಿಸುತ್ತಾರೆ. ನೆರಳಿನ ಜಾಗ ಖಾಲಿ ಬಿಟ್ಟರೆ ಬಾಲ ಗಲಗಲ ಆಡಿಸುವ ವಿಷದ ಗಿಲಕಿ ಹಾವು ಬಂದು ಸಂಸಾರ ಹೂಡುತ್ತದೆ.

"ಹಾವಿರ್ಲಿ, ಅದರ ನಾಲಿಗೆ ಕೂಡ ಒಳಗೆ ಹೋಗಲ್ಲ" ಎಂದು ಬೆತೊ ಜಾಲರಿಗೆ ಬೂಟುಗಾಲಿನಿಂದ ಒದ್ದು ತೋರಿಸಿದ. ನನಗೂ ಹೆಮ್ಮೆಯಾಯಿತು.

ಮಾರ್ಚ್ ಮುಗಿಯುವುದರೊಳಗೆ ಡೆಕ್ಕು ಸಿದ್ಧ. ಬಾಗಿಲು ಸರಿಸಿ, ಗಾಲಿಕುರ್ಚಿ ತಳ್ಳಿದರೆ ಹೊಸಿಲಿಗೆ ತಡೆಯದೆ ಜರ್ರೆಂದು ಹೊರಗೆ ಹೋಯಿತು. ಮಧ್ಯಾಹ್ನ ತಿರುಗಿದ್ದರಿಂದ ಮನೆಯ ನೆರಳು ಹಲಗೆಗಳ ಮೇಲೆ ಚಾಚಿತ್ತು. ಗಾಳಿ ಬಂದು ಡೆಲ್‌ನ ಬಿಳಿ ಕೂದಲು ಹಾರಿತು. ಅವನು ಕಣ್ಣುಮುಚ್ಚಿ ಮುಖವನ್ನು ಗಾಳಿಗೆ ಕೊಟ್ಟು ಕೂತ. ಆಮೇಲೆ ಬೀನ್ಸ್ ಹಾಕಿ ಸುತ್ತಿದ ಟೋರ್ಟಿಯಾ ರೊಟ್ಟಿ ಕೊಟ್ಟರೆ ಎಡಗೈಯಲ್ಲಿ ತಾನೇ ಹಿಡಿದು ತಿಂದ. ಇನ್ನೊಂದು ಎಂಬಂತೆ ಕೈ ಚಾಚಿದ. ನಾನು ಒಳಗೆ ಓಡಿಹೋಗಿ ಒಲೆಯ ಮುಂದೆ ನಿಂತು ಚೆನ್ನಾಗಿ ಅತ್ತೆ. ಗೆದ್ದುಬಿಟ್ಟೆ ಅಂದುಕೊಂಡೆ.

ಆ ಸಂತೋಷಕ್ಕೆ ಯಾರ ದೃಷ್ಟಿ ತಾಗಿತೋ. ಏಪ್ರಿಲ್ ಕಾಲಿಟ್ಟು, ಚಾವಣಿಯ ಮೇಲಿನ ಕೂಲರ್ ಭರ್ರೋ ಎಂದು ತಿರುಗಲು ಶುರುವಾದ ಹೊತ್ತಿಗೆ ಡೆಲ್ ಬದಲಾದ. ಎಡಗೈಯ ಊರುಗೋಲನ್ನು ಹಲಗೆಗೆ ಒತ್ತಿ ಹಿಡಿದು ಸುಮ್ಮನೆ ಕೂತಿರುವುದು, ಇದ್ದಕ್ಕಿದ್ದಂತೆ ದಬದಬ ಬಡಿಯುವುದು. "ಥತ್! ಥತ್!" ಅನ್ನುವುದು. ನಾನು ಓಡಿ ಬರುತ್ತಿದ್ದೆ. ನೀರಾ? ಬೇಡ. ಒಳಗೆ ಹೋಗ್ಬೇಕಾ? ಬೇಡ. ದಿಂಬಾ? ದಿಂಬನ್ನು ಎತ್ತಿ ಎಸೆದ. ಬಿಸಿಲು ಬೀಳುತ್ತಿದೆಯೇನೋ ಎಂದು ಕುರ್ಚಿಯನ್ನು ಆ ಮೂಲೆಗೆ ತಳ್ಳಿದರೆ, ನೆಟ್ಟಗಿರುವ ಒಂದು ಕಾಲಿನಿಂದ ದಬ್ಬಿಕೊಂಡು ದಬ್ಬಿಕೊಂಡು ಬಾಗಿಲ ಹತ್ತಿರದ ಅದೇ ಜಾಗಕ್ಕೆ ಬಂದು ಮತ್ತೆ ಬಡಿಯುತ್ತಿದ್ದ. ಊಟ ಮತ್ತೆ ನಿಂತಿತು.

ಬೆತೊನನ್ನು ಕರೆಸಿದೆ. "ನಿನ್ನ ಹಲಗೆ ಕಿರಗುಡ್ತಿರ್ಬೇಕು ಕಣೋ. ಅದೇ ಅವನಿಗೆ ಆಗ್ತಿಲ್ಲ."

ಬೆತೊಗೆ ಅವನ ಅಮ್ಮನನ್ನೇ ಬೈದಷ್ಟು ಕೋಪ ಬಂತು. ಡೆಕ್ಕಿನ ತುಂಬ ಬೂಟುಗಾಲಿನಲ್ಲಿ ಧಡಧಡ ಕುಣಿದ. "ಎಲ್ಲಿ ಕಿರಗುಡ್ತಿದೆ ತೋರ್ಸಿ! ನನ್ನ ಹಲಗೆ ಉಸಿರು ಕೂಡ ಬಿಡಲ್ಲ."

"ಥತ್!" ಎಂದು ಡೆಲ್ ಅವನ ಬೂಟಿನ ಪಕ್ಕಕ್ಕೇ ಕೋಲು ಕುಕ್ಕಿದ.

"ನೋಡಿ, ನನ್ನನ್ನ ಕಂಡ್ರೇ ಆಗಲ್ಲ ಇವರಿಗೆ" ಎಂದು ಬೆತೊ ಮುಖ ಊದಿಸಿಕೊಂಡು ಹೋದ.

ಭಾನುವಾರ ಬೆಳಿಗ್ಗೆ ನನಗೆ ಒಂದು ಉಪಾಯ ಹೊಳೆಯಿತು. ಫೋರ್‌ಮನ್! ಬಿಸಿಲು ಬಲಿತು ಎಷ್ಟೋ ದಿನವಾಯಿತು, ನಾನು ಗೂಡಿನ ಹಲಗೆಯನ್ನೇ ತೆಗೆದಿರಲಿಲ್ಲ. ಆಮೆಯನ್ನು ಕಂಡರೆ ಇವನ ಮನಸ್ಸು ಸರಿಹೋದೀತು. ಅದಕ್ಕೆ ತಿನ್ನಲೆಂದು ಪಾಪಸುಕಳ್ಳಿಯ ಎಳೆಯ ದಪ್ಪ ಪಟ್ಟೆಯ ಮುಳ್ಳು ಕೆರೆದು ತಟ್ಟೆಯಲ್ಲಿಟ್ಟುಕೊಂಡು ಹೋದೆ. ಹಲಗೆ ಸರಿಸಿ ಟಾರ್ಚ್ ಬಿಟ್ಟೆ. ಗೂಡು ಖಾಲಿ. ಈ ಗೋಡೆಯಿಂದ ಆ ಗೋಡೆಗೆ ಜೇಡರ ಬಲೆ. ಅಲ್ಲಿ ಈ ಚಳಿಗಾಲದಲ್ಲಿ ಯಾರೂ ಮಲಗಿಯೇ ಇರಲಿಲ್ಲ.

ಬದುಕಿದ್ದಿದ್ದರೆ ಇಷ್ಟು ಹೊತ್ತಿಗೆ ಎಲ್ಲಿಂದಲಾದರೂ ಹೊರಗೆ ಬರಬೇಕಿತ್ತು. ಸತ್ತೇಹೋಗಿದೆ. ಒಳಗೆ ಇಣುಕಿಯೂ ನೋಡದೆ ಹಲಗೆ ಮುಚ್ಚಿದ ನನ್ನ ಬುದ್ಧಿಗೆ ಏನೆನ್ನಲಿ? ಇದನ್ನು ಡೆಲ್‌ಗೆ ಯಾವ ಬಾಯಲ್ಲಿ ಹೇಳಲಿ? ಇವನಿಗೆ ಇನ್ನು ಹೊರಗೆ ನೋಡಲು ಏನು ಉಳಿಯಿತು?

ಅಷ್ಟರಲ್ಲಿ ಡೆಕ್ಕಿನ ಮೇಲಿಂದ ದಬ್, ದಬ್, "ಥತ್!" ಶುರುವಾಯಿತು. ನನ್ನ ಸಂಕಟವೆಲ್ಲ ಸಿಟ್ಟಾಗಿ ಬಾಯಿಗೆ ಬಂತು.

"ಸಾಕು ನಿಲ್ಸೋ!" ಎಂದು ಡೆಕ್ಕಿಗೆ ಓಡಿಬಂದು ಕಿರುಚಿದೆ. "ನಿಂಗೋಸ್ಕರ ಊರವರ ಹತ್ರ ಜಗಳ ಆಡಿ ಕಟ್ಟಿಸ್ದೆ. ಒಂದು ದಿನ, ಒಂದೇ ಒಂದು ದಿನ ನೆಟ್ಟಗೆ ಕೂತ್ಕೊಳ್ಳೋಕೆ ಆಗಲ್ವಾ ನಿಂಗೆ? ಸಾಯ್ಬೇಕು ಅಂತಿದ್ರೆ ನೆಟ್ಟಗೆ ಹೇಳು!"

ಹೇಳಲು ಅವನಿಗೆ ಬಾಯಿ ಎಲ್ಲಿತ್ತು? ಡೆಲ್ ಕೋಲನ್ನು ಕೆಳಗೆ ಬಿಟ್ಟ. ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದ. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಜಗ್ಗಿದ ರಭಸಕ್ಕೆ ನಾನು ಮಂಡಿಯೂರಿದೆ. ನನ್ನ ಅಂಗೈಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಒತ್ತಿ, ಅದರ ಮೇಲೆ ತನ್ನ ಕೈ ಇಟ್ಟು ಅದುಮಿದ.

ಕ್ಯಾಂಟೀನಿನ ಪಾತ್ರೆಗಳ ಸದ್ದಿನಲ್ಲಿ ನನ್ನ ಕಿವಿ ಮಂದವಾಗಿ ವರ್ಷಗಳಾಗಿವೆ, ಮೇಲಿಂದ ಕೂಲರಿನ ಗದ್ದಲ ಬೇರೆ. ಕಿವಿಗೆ ಏನೂ ಕೇಳಿಸಲಿಲ್ಲ. ಆದರೆ ಅಂಗೈಗೆ ತಿಳಿಯಿತು. ಕೆಳಗಿನಿಂದ ಏನೋ ಗುದ್ದುತ್ತಿತ್ತು. ಗುದ್ದುವುದು, ನಿಲ್ಲುವುದು, ಕೆರೆಯುವುದು, ಮತ್ತೆ ಗುದ್ದುವುದು.

"ಅಯ್ಯೋ ದೇವರೇ. ಡೆಲ್! ಫೋರ್‌ಮನ್ನಾ?"

ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅಷ್ಟು ದಿನದಿಂದ ಹೇಳುತ್ತಲೇ ಇದ್ದ. ನಾನು ನೀರು ಬೇಕಾ, ದಿಂಬು ಬೇಕಾ ಎಂದು ಕೇಳುತ್ತಿದ್ದೆ. ಗೂಡು ಬಿಟ್ಟು ಫೋರ್‌ಮನ್ ಹಳೆಯ ಮೆಟ್ಟಿಲ ಕೆಳಗೇ ಬಿಲ ತೋಡಿ ಮಲಗಿದ್ದ. ಆ ಬಿಲದ ಬಾಯಿಗೆ ಇಲಿ ಮುಳ್ಳು ಒಟ್ಟಿತ್ತು, ಬೆತೊ ಕಲ್ಲು ತುಂಬಿದ್ದ. ಎದ್ದು ಕಲ್ಲು ತಳ್ಳಿಕೊಂಡು ಬಂದರೆ ಸುತ್ತಲೂ ಜಾಲರಿ. ಜಾಲರಿಗೆ, ಕಂಬಕ್ಕೆ ಗುದ್ದಿದ್ದೆಲ್ಲ ಮೇಲಿನ ಹಲಗೆಗೆ ಏರಿ ಬರುತ್ತಿತ್ತು. ಚಳಿಗಾಲವಿಡೀ ಒಂದು ತೊಟ್ಟು ನೀರು ಕುಡಿಯದೆ ಮಲಗಿದ್ದ ಜೀವ.

ಬೆತೊಗೆ ಫೋನು ಮಾಡಿದೆ. ಅವನು ನೆಂಟರ ಮಗುವಿನ ದೀಕ್ಷಾಸ್ನಾನಕ್ಕೆಂದು ಚರ್ಚಿನಲ್ಲಿದ್ದ.

"ಇಲಿ ಇರತ್ತೆ ಮಿಸ್ ನೋರೀನ್. ನಾಳೆ ಬರ್ತೀನಿ."

"ನಾಳೆ ಬಂದ್ರೆ ಡೆಕ್ಕು ಇರಲ್ಲ, ಸೌದೆ ಇರತ್ತೆ" ಎಂದು ಫೋನಿಟ್ಟು, ಶೆಡ್ಡಿನಿಂದ ಡೆಲ್‌ನ ಹಾರೆಕೋಲು ತಂದೆ. ಹಲಗೆಯ ಸಂದಿಗೆ ಕೊಟ್ಟು ಮೀಟಿದೆ. ಬೆತೊನ ಸ್ಕ್ರೂಗಳು ಜಪ್ಪಯ್ಯ ಅನ್ನಲಿಲ್ಲ. ಅಂಗೈ ಸುಲಿಯಿತು. ಇನ್ನಷ್ಟು ಜಗ್ಗಿದೆ. ಹಲಗೆಯ ಅಂಚು ಚಟ್ಟನೆ ಸೀಳಿತು, ಆದರೆ ಮೇಲೇಳಲಿಲ್ಲ. ಡೆಲ್ ಕುರ್ಚಿಯನ್ನು ದಬ್ಬಿಕೊಂಡು ಪಕ್ಕಕ್ಕೆ ಬಂದು, ಹಾರೆಯ ತುದಿಯನ್ನು ಎಡಗೈಯಲ್ಲಿ ಹಿಡಿದು ಮೈಭಾರ ಹಾಕಿದ. ಇಬ್ಬರೂ ಜಗ್ಗುತ್ತಿದ್ದಾಗ ಬೆತೊನ ಗಾಡಿ ಬಂದು ನಿಂತಿತು.

"ನಿಲ್ಸಿ! ನನ್ನ ಹಲಗೆ! ಕೊಲ್ತಿದ್ದೀರಲ್ರೀ ನನ್ನ ಕೆಲಸಾನ!" ಎಂದು ಬಿಳಿ ಅಂಗಿ, ಹೊಳೆಯುವ ಬೂಟಿನಲ್ಲೇ ಓಡಿಬಂದ. "ಇಲಿಗೋಸ್ಕರ ಯಾರಾದ್ರೂ..."

ನಾನು ಅವನನ್ನು ಕೆಳಗೆ ಜಗ್ಗಿ ಅವನ ಕೈಯನ್ನು ಹಲಗೆಯ ಮೇಲೆ ಒತ್ತಿದೆ. ಕೆಳಗಿನಿಂದ ಒಂದು ಗುದ್ದು ಬಂತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು, ಮೊದಲಿನದಕ್ಕಿಂತ ಮೆತ್ತಗೆ.

"ನಾನೇ ಕಲ್ಲು ತುಂಬಿದ್ದು" ಅಂದ ಬೆತೊ. ಗಾಡಿಯಿಂದ ಡ್ರಿಲ್ ತಂದು ಮಂಡಿಯೂರಿ ಕೂತ. ಅವನು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಲಗೆಗಳನ್ನು ಎತ್ತಿ ಪಕ್ಕಕ್ಕಿಟ್ಟು, ತೊಲೆಗಳ ನಡುವೆ ಹೊಟ್ಟೆಯ ಮೇಲೆ ಮಲಗಿ, ಎರಡೂ ತೋಳು ಕತ್ತಲೆಗೆ ಇಳಿಬಿಟ್ಟ. ಮೇಲೆತ್ತಿದಾಗ ಅವನ ಬಿಳಿ ಅಂಗಿಯ ತುಂಬ ಮಣ್ಣು, ಕೈಯಲ್ಲಿ ಫೋರ್‌ಮನ್.

ಚಿಪ್ಪಿನ ಮುಂಭಾಗ ಗುದ್ದಿ ಗುದ್ದಿ ತರಚಿ ಬೆಳ್ಳಗಾಗಿತ್ತು. ಕಣ್ಣು ಗುಳಿಬಿದ್ದಿತ್ತು. ತಲೆ ಒಳಗೆಳೆದುಕೊಳ್ಳುವ ಶಕ್ತಿಯೂ ಇಲ್ಲದೆ ಕತ್ತು ಜೋಲುತ್ತಿತ್ತು. ಬಟ್ಟಲಿನಲ್ಲಿ ಕೈಬೆರಳು ಮುಳುಗುವಷ್ಟು ನೀರು ಹಾಕಿ, ಡೆಲ್‌ನ ಪಾದದ ಹತ್ತಿರ ಫೋರ್‌ಮನ್‌ನ ಮುಂದೆ ಇಟ್ಟೆವು. ಮೂವರೂ ನೋಡಿದೆವು. ಸುಮಾರು ಹೊತ್ತು ಏನೂ ಆಗಲಿಲ್ಲ. ಡೆಲ್ ಬಗ್ಗಿ, ಎಡಗೈಯ ಒಂದು ಬೆರಳಿನಿಂದ ಚಿಪ್ಪಿನ ಮೇಲೆ ಮೆಲ್ಲಗೆ ತಟ್ಟಿದ. ಫೋರ್‌ಮನ್ ಮೂತಿಯನ್ನು ನೀರಿಗಿಟ್ಟ. ಗಂಟಲು ಆಡಿತು. ಕುಡಿದ, ನಿಲ್ಲಿಸದೆ ಕುಡಿಯುತ್ತಲೇ ಹೋದ.

"ಥತ್" ಅಂದ ಡೆಲ್.

ಬೆತೊ ತೋಳಿನಿಂದ ಮುಖ ಒರೆಸಿಕೊಂಡ. "ಹಲಗೆ ವಾಪಸ್ ಕೂರಿಸ್ತೀನಿ. ಸೀಳಿರೋದಕ್ಕೆ ಹೊಸದು ಹಾಕ್ತೀನಿ. ಬುಡಾನ ಮತ್ತೆ..."

"ಬುಡ ಮುಚ್ಬೇಡ" ಅಂದೆ. "ಜಾಲರಿ ಕತ್ತರಿಸಿ ಇದಕ್ಕೊಂದು ಬಾಗಿಲು ಮಾಡು. ಇನ್ನು ಇದರ ಮನೆ ಇಲ್ಲೇ."

"ಬಾಗಿಲಾ? ಮಿಸ್ ನೋರೀನ್, ಹಾವು ಬರತ್ತೆ! ಬೆತೊ ಸೆಲಾಯಾ ತೂತಿರೋ ಡೆಕ್ಕು ಕಟ್ಟಿದ್ದಾನೆ ಅಂತ ಊರೆಲ್ಲ ನಗತ್ತೆ."

ಡೆಲ್ ಕೋಲನ್ನು ಹುಡುಕಿ ಎತ್ತಿಕೊಂಡು ಹಲಗೆಗೆ ಒಂದೇ ಒಂದು ಏಟು ಕೊಟ್ಟ. "ಥತ್!"

"ಆಯ್ತು ಸ್ವಾಮಿ, ಆಯ್ತು" ಎಂದು ಬೆತೊ ಕತ್ತರಿ ತರಲು ಹೋದ.

ಆ ಸಂಜೆ ಫೋರ್‌ಮನ್ ಕಳ್ಳಿಪಟ್ಟೆಯನ್ನು ಒಂದೊಂದೇ ಕಚ್ಚು ಕಚ್ಚುತ್ತಿದ್ದ. ಡೆಲ್ ಅದನ್ನು ನೋಡುತ್ತ ತನ್ನ ಬೀನ್ಸ್ ತಿಂದ, ತಟ್ಟೆ ಖಾಲಿ ಮಾಡಿದ. ನಾನು ಸುಲಿದ ಕೈಗೆ ಬಟ್ಟೆ ಸುತ್ತಿಕೊಂಡು ಅವನ ಪಕ್ಕದಲ್ಲಿ ಹಲಗೆಯ ಮೇಲೆ ಕೂತಿದ್ದೆ. ಅವನನ್ನು ಹೊರಗೆ ತಂದರೆ ಸಾಕು ಅಂದುಕೊಂಡಿದ್ದೆ ನಾನು. ಅವನು ಮಾತಾಡುತ್ತಿದ್ದಾನೆ ಎಂಬುದೇ ನನ್ನ ತಲೆಗೆ ಹೋಗಿರಲಿಲ್ಲ.

"ತಪ್ಪಾಯ್ತು ಕಣೋ" ಅಂದೆ. ಅವನು ನನ್ನ ಬಟ್ಟೆ ಸುತ್ತಿದ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

ಈಗಲೂ ಅವನು ದಿನಕ್ಕೆ ಹತ್ತಾರು ಸಲ ಕೋಲು ಬಡಿಯುತ್ತಾನೆ. ಒಲೆಯ ಮೇಲೆ ಏನೇ ಇರಲಿ, ಆರಿಸಿ ಹೋಗುತ್ತೇನೆ. ಮೊದಲು ಅವನ ಪಕ್ಕದಲ್ಲಿ ಮಂಡಿಯೂರಿ ಅವನು ತೋರಿಸಿದ ಕಡೆ ಕೈ ಇಡುತ್ತೇನೆ. ಬೈಯುವುದೇನಿದ್ದರೂ ಆಮೇಲೆ.